ಓದುಗರ ಪ್ರಶ್ನೆಗಳಿಗೆ ಉತ್ತರ: ಪೂಜೆಯ ರೂಪ ಬದಲಾದದ್ದರಿಂದ ವಿಶ್ವಾಸ ಕುಂದಿತೇ?

ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಆರಂಭವಾದಂದಿನಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಥೋಲಿಕ ಧರ್ಮಸಭೆಯ ಬಲಿಪೂಜೆಯ ಬದಲಾದ ರೂಪವನ್ನು ಕುರಿತವೇ ಆಗಿದ್ದವು. ಅವುಗಳಿಗೆ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಆರು ಪತ್ರಗಳನ್ನು ಒಟ್ಟಿಗೆ ತೆಗೆದುಕೊಳ್ಳುವುದು ಮೇಲೆಂದು ತೋರಿತು. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಉಳಿದವುಗಳ ಬೇರು ಅದರಲ್ಲೇ ಇದೆ.

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ನಿವೃತ್ತ ಶಿಕ್ಷಕ. ನನ್ನ ಬಾಲ್ಯದಲ್ಲಿ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು, ಗುರುಗಳು ನಮ್ಮ ಹಾಗೆಯೇ ಪೀಠದ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು, ಪರಮಪ್ರಸಾದವನ್ನು, ಎಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು, ಮೊಣಕಾಲೂರಿ ಸ್ವೀಕರಿಸುತ್ತಿದ್ದೆವು. ಇಂದು ಎಲ್ಲವೂ ನಮ್ಮ ಭಾಷೆಯಲ್ಲಿದೆ, ಎಲ್ಲವೂ ಕಣ್ಣೆದುರೇ ನಡೆಯುತ್ತದೆ, ಆದರೂ ಭಯಭಕ್ತಿ ಕಾಣುವುದಿಲ್ಲ. ನನ್ನ ಮೊಮ್ಮಕ್ಕಳು ಕ್ರಿಸ್‌ಮಸ್‌ಗೂ ಪಾಸ್ಖಕ್ಕೂ ಬಂದರೆ ಅದೇ ಹೆಚ್ಚು. ಪೂಜೆಯನ್ನು ಬದಲಿಸಿದ್ದರಿಂದಲೇ ವಿಶ್ವಾಸ ಕುಂದಿತು ಎಂಬ ನನ್ನ ತಿಳಿವಳಿಕೆ ತಪ್ಪೇ?

ಉತ್ತರ: ನಿಮ್ಮ ನೋವು ನನಗೆ ಹೊರಗಿನದಲ್ಲ. ನಾನೂ ಆ ಪೂಜೆಯನ್ನು ಕಂಡವನು. ಒಂಬತ್ತನೆಯ ವಯಸ್ಸಿನಲ್ಲಿ ಗುರುಗಳ ಪಕ್ಕದಲ್ಲಿ ಸಹಾಯಕ ಹುಡುಗನಾಗಿ ನಿಂತವನು. ತೀರ್ಥಹಳ್ಳಿ ಸೀಮೆಯ ತೋಟವೊಂದರಲ್ಲಿ ನಮ್ಮ ತಂದೆ ರೈಟರಾಗಿದ್ದರು. ಲ್ಯಾಟಿನ್ನಿನ ಗಂಧವೂ ಇಲ್ಲದ ನಮ್ಮಂಥ ಹುಡುಗರಿಗೆ ಉಪದೇಶಿಗಳು, ಗುರುಗಳ ಮಾತಿಗೆ ಹೇಳಬೇಕಾದ ಪ್ರತ್ಯುತ್ತರಗಳನ್ನೆಲ್ಲ ಕನ್ನಡ ಅಕ್ಷರಗಳಲ್ಲಿ ಬರೆಸಿ ಬಾಯಿಪಾಠ ಮಾಡಿಸಿದ್ದರು. ಆ ನೋಟುಪುಸ್ತಕದ ಮೊದಲ ಸಾಲು ಇಂದಿಗೂ ನಾಲಿಗೆಯ ಮೇಲಿದೆ: ‘ಆದ್ ದೇಉಮ್ ಕ್ವಿ ಲೇತಿಫಿಕಾತ್ ಯುವೆಂತೂತೆಮ್ ಮೇಆಮ್’. ಪೀಠದ ಮೆಟ್ಟಿಲ ಬುಡದಲ್ಲಿ ನಿಂತು ಗುರುಗಳು ‘ದೇವರ ಪೀಠದ ಬಳಿಗೆ ಹೋಗುವೆನು’ ಎಂದಾಗ ಹುಡುಗ ಹೇಳಬೇಕಾದ ಮಾತು ಅದು. ‘ನನ್ನ ಯೌವನವನ್ನು ಆನಂದಗೊಳಿಸುವ ದೇವರ ಬಳಿಗೆ’ ಎಂಬುದು ಅದರ ಅರ್ಥವೆಂದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ಅಷ್ಟರಲ್ಲಿ 1969ರ ಪರಿಷ್ಕರಣೆಯಲ್ಲಿ ಆ ಪ್ರಾರ್ಥನೆಯೇ ಪೂಜಾಗ್ರಂಥದಿಂದ ಹೊರಗಾಗಿತ್ತು. ಆ ದಿನ ನನಗಾದ ಸಂಕಟವನ್ನು ನೆನೆದೇ ಈ ಉತ್ತರ ಬರೆಯುತ್ತಿದ್ದೇನೆ: ಅಷ್ಟು ಚೆಂದದ ಮಾತನ್ನು ಬಾಲ್ಯವಿಡೀ ಹೇಳಿಯೂ ಅದು ನನ್ನದಾಗಿರಲಿಲ್ಲ.

ಅಂದಿನ ದೇವಾಲಯದಲ್ಲಿ ಭಕ್ತಿ ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಪೂಜೆ ನಡೆಯುತ್ತಿದ್ದಾಗ ಹೆಂಗಸರು ತಮ್ಮಷ್ಟಕ್ಕೆ ಜಪಸರ ಹೇಳುತ್ತಿದ್ದರು, ಗಂಡಸರಲ್ಲಿ ಕೆಲವರು ಪ್ರಬೋಧನೆಯ ಹೊತ್ತಿಗೆ ಹೊರಗೆ ಹೋಗಿ ನಿಲ್ಲುತ್ತಿದ್ದರು, ರೊಟ್ಟಿಯನ್ನು ಎತ್ತಿ ತೋರಿಸುವ ಹೊತ್ತಿನ ಗಂಟೆ ಬಾರಿಸಿದಾಗ ಮಾತ್ರ ಎಲ್ಲರ ತಲೆ ಒಟ್ಟಿಗೆ ಬಾಗುತ್ತಿತ್ತು. ಈ ಕೊರತೆ ಧರ್ಮಸಭೆಗೆ ಗೊತ್ತಿರಲಿಲ್ಲವೆಂದಲ್ಲ. ಪೂಜೆಯನ್ನು ಎಲ್ಲೆಡೆ ಜನಭಾಷೆಯಲ್ಲಿ ನಡೆಸುವುದು ಉಚಿತವಲ್ಲವೆಂದು 1562ರಲ್ಲಿ ತೀರ್ಮಾನಿಸಿದ, ಧರ್ಮಾಧ್ಯಕ್ಷರ (ಬಿಷಪರ) ಟ್ರೆಂಟ್ ಮಹಾಸಭೆಯೇ, ಅದರ ಅರ್ಥವನ್ನು ಜನರಿಗೆ, ಅದರಲ್ಲೂ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ, ಆಗಾಗ ಬಿಡಿಸಿ ಹೇಳಬೇಕೆಂದು ಗುರುಗಳಿಗೆ ಅದೇ ಅಧಿವೇಶನದಲ್ಲಿ ಆಜ್ಞಾಪಿಸಿತ್ತು. ಮೊದಲ ಮಾತು ನಾನೂರು ವರ್ಷ ನಡೆಯಿತು. ಎರಡನೆಯದು ಬಹಳ ಕಡೆ ಕಾಗದದಲ್ಲೇ ಉಳಿಯಿತು.

ಬದಲಾವಣೆಯೆಲ್ಲ ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ (1962–65) ಶುರುವಾಯಿತೆಂದು ಹೇಳುವುದು ರೂಢಿ. ಆದರೆ ನೀವು ಮತ್ತು ನಾನು ಬಾಲ್ಯದಲ್ಲಿ ಕಂಡದ್ದು ಆಗಲೇ ಬದಲಾಗಿದ್ದ ಪೂಜೆ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಸಾಮಾನ್ಯ ವಿಶ್ವಾಸಿಗಳು ಪರಮಪ್ರಸಾದ ಸ್ವೀಕರಿಸುತ್ತಿದ್ದುದು ವರ್ಷಕ್ಕೆ ಕೆಲವೇ ಸಲ. ಅದನ್ನು ಪದೇ ಪದೇ, ಸಾಧ್ಯವಾದರೆ ಪ್ರತಿದಿನ, ಸ್ವೀಕರಿಸಬೇಕೆಂದು ಪೋಪ್ ಹತ್ತನೆಯ ಪಿಯುಸ್ 1905ರಲ್ಲಿ ಕರೆ ಕೊಟ್ಟರು. 1910ರಲ್ಲಿ, ಮಕ್ಕಳಿಗೆ ಏಳರ ಆಸುಪಾಸಿನಲ್ಲೇ ಪ್ರಥಮ ಪರಮಪ್ರಸಾದ ಕೊಡಬೇಕೆಂದರು. ಪಾಸ್ಖ ಜಾಗರಣೆಯನ್ನೇ ನೋಡಿ: ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ ‘ಕ್ರಿಸ್ತರ ಜ್ಯೋತಿ’ ಎಂದು ಹಾಡುವ ಆ ವಿಧಿ ಶತಮಾನಗಳ ಕಾಲ ಶನಿವಾರ ಬೆಳಗಿನ ಬಿಸಿಲಿನಲ್ಲಿ ನಡೆಯುತ್ತಿತ್ತು. ಹನ್ನೆರಡನೆಯ ಪಿಯುಸ್ 1951ರಲ್ಲಿ ಪ್ರಯೋಗವೆಂದೂ 1955ರಲ್ಲಿ ಎಲ್ಲರಿಗೂ ಕಡ್ಡಾಯವೆಂದೂ ಅದನ್ನು ರಾತ್ರಿಗೆ ಮರಳಿಸಿದರು. ಆ ಬದಲಾವಣೆ ಬೇಡವೆಂದು ಇಂದು ನಮ್ಮ ಯಾವ ಊರಿನ ಹಿರಿಯರೂ ಹೇಳಲಾರರು.

ಇನ್ನು ಮಹಾಸಭೆ ಏನು ಹೇಳಿತು? ದೈವಾರಾಧನೆಯನ್ನು ಕುರಿತ ಅದರ ಶಾಸನ 1963ರ ಡಿಸೆಂಬರ್ 4ರಂದು 2147 ಮತಗಳಿಂದ ಅಂಗೀಕಾರವಾಯಿತು; ವಿರುದ್ಧ ಬಂದವು ಕೇವಲ 4. ಜನರು ಪೂರ್ಣವಾಗಿ, ಅರಿತು, ಕ್ರಿಯಾಶೀಲರಾಗಿ ಪೂಜೆಯಲ್ಲಿ ಭಾಗವಹಿಸಬೇಕೆಂಬುದು ಅದರ ತಿರುಳು. ಲ್ಯಾಟಿನ್ ಉಳಿಯಬೇಕು, ಆದರೆ ಜನಭಾಷೆಗೆ ಹೆಚ್ಚು ಎಡೆ ಕೊಡಬಹುದು ಎಂದು ಅದು ಹೇಳಿತು. ಗ್ರೆಗೋರಿಯನ್ ಗಾಯನಕ್ಕೆ ಮೊದಲ ಮನ್ನಣೆ ಎಂದಿತು, ತಕ್ಕ ಹೊತ್ತಿನಲ್ಲಿ ಮೌನ ಪಾಲಿಸಬೇಕೆಂದಿತು, ಯಾವ ಗುರುವೂ ತನ್ನ ಇಚ್ಛೆಯಂತೆ ಏನನ್ನೂ ಸೇರಿಸುವಂತಿಲ್ಲ, ಬಿಡುವಂತಿಲ್ಲ ಎಂದಿತು. ಗುರುಗಳು ಜನರತ್ತ ಮುಖ ಮಾಡಬೇಕೆಂಬ ಒಂದು ಮಾತೂ ಆ ಶಾಸನದಲ್ಲಿಲ್ಲ. ಪೀಠವನ್ನು ಗೋಡೆಯಿಂದ ಬಿಡಿಸಿ ಕಟ್ಟುವುದು ಲೇಸು, ಹಾಗಾದರೆ ಜನರ ಕಡೆ ತಿರುಗಿಯೂ ಪೂಜೆ ಅರ್ಪಿಸಬಹುದು ಎಂಬುದು 1964ರ ಸೆಪ್ಟೆಂಬರಿನಲ್ಲಿ ಬಂದ ಸೂಚನೆ. ಪೋಪ್ ಆರನೆಯ ಪೌಲರು ಹೊಸ ಪೂಜಾಗ್ರಂಥಕ್ಕೆ ಅಂಕಿತ ಹಾಕಿದ್ದು 1969ರ ಏಪ್ರಿಲ್ 3ರಂದು. ಅದು ಜಾರಿಗೆ ಬಂದದ್ದು ಆ ವರ್ಷ ಕ್ರಿಸ್‌ಮಸ್‌ಗೆ ಮುಂಚಿನ ಆಗಮನಕಾಲದ ಮೊದಲ ಭಾನುವಾರ, ನವೆಂಬರ್ 30ರಂದು. ಐದನೆಯ ಪಿಯುಸರು 1570ರಲ್ಲಿ ಕೊಟ್ಟ ಗ್ರಂಥ ಅಲ್ಲಲ್ಲಿ ತಿದ್ದುಪಡಿ ಕಾಣುತ್ತ ಅಲ್ಲಿಯವರೆಗೆ ನಡೆದುಬಂದಿತ್ತು. ಹೀಗೆ ಆರು ವರ್ಷಗಳಲ್ಲಿ ಆದದ್ದು, ಹಿಂದಿನ ನಾಲ್ಕು ಶತಮಾನಗಳಲ್ಲಿ ಆದುದಕ್ಕಿಂತ ಹೆಚ್ಚು. ವೇಗ ಹೆಚ್ಚಾಯಿತೆಂಬ ನಿಮ್ಮ ದೂರನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಆದರೆ ಭಯಭಕ್ತಿ ಹೋದದ್ದು ಲ್ಯಾಟಿನ್ ಹೋದದ್ದರಿಂದ ಎಂಬುದನ್ನು ಒಪ್ಪಲಾರೆ. ಯಾರೂ ಹೆಚ್ಚಾಗಿ ಮಾತನಾಡದ ಇನ್ನೊಂದು ಬದಲಾವಣೆ ಇದೆ. ನಮ್ಮ ಹಿರಿಯರ ಕಾಲದ ನಿಯಮದಂತೆ ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಏನನ್ನೂ, ನೀರನ್ನೂ ಸಹ, ಬಾಯಿಗೆ ಹಾಕುವಂತಿರಲಿಲ್ಲ. 1953ರಲ್ಲಿ ನೀರಿಗೆ ವಿನಾಯಿತಿ ಸಿಕ್ಕಿತು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರ ನವೆಂಬರಿನಲ್ಲಿ ಒಂದೇ ಗಂಟೆಗೆ ಬಂದು ನಿಂತಿತು. ನಮ್ಮ ಅಜ್ಜಿ ಮಾತ್ರ ಸಾಯುವವರೆಗೂ ನಡುರಾತ್ರಿಯ ಲೆಕ್ಕವನ್ನು ಬಿಡಲಿಲ್ಲ. ಆಷಾಢದ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಎರಡು ಹಳ್ಳ ದಾಟಿ, ಐದು ಮೈಲಿ ನಡೆದು ದೇವಾಲಯ ತಲುಪುವ ಹೊತ್ತಿಗೆ ಅವರ ತುಟಿ ಒಣಗಿ ಬಿಳಿಚಿಕೊಂಡಿರುತ್ತಿತ್ತು. ಒಮ್ಮೆ ದಾರಿಯಲ್ಲಿ ಮಳೆಹನಿಗೆ ನಾನು ನಾಲಿಗೆ ಚಾಚಿದ್ದನ್ನು ಕಂಡು, ‘ಇವತ್ತು ಮೊದಲು ಅವರು ಬರಲಿ, ಆಮೇಲೆ ಮಳೆ’ ಎಂದು ಕೊಂಕಣಿಯಲ್ಲಿ ಮೆಲ್ಲಗೆ ಗದರಿದ್ದರು. ಪೂಜೆ ಮುಗಿದ ಮೇಲೆ ದೇವಾಲಯದ ಜಗಲಿಯಲ್ಲಿ ಕುಳಿತು, ಬಟ್ಟೆಯಲ್ಲಿ ಸುತ್ತಿ ತಂದ ಗಿಂಡಿಯಿಂದ ತಣ್ಣಗಾದ ಬೆಲ್ಲದ ಕಾಫಿಯನ್ನು ಅವರು ಒಂದೊಂದೇ ಗುಟುಕಾಗಿ ಕುಡಿಯುತ್ತಿದ್ದ ರೀತಿಯನ್ನು ನೋಡಿದವರಿಗೆ, ಒಳಗೆ ಅವರು ಸ್ವೀಕರಿಸಿದ್ದು ಏನೆಂದು ಬೇರೆ ಪಾಠ ಬೇಕಿರಲಿಲ್ಲ. ಅವರಿಗೆ ಲ್ಯಾಟಿನ್ನಿನ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಅವರ ವಿಶ್ವಾಸ ಇದ್ದದ್ದು ಆ ಹಸಿವಿನಲ್ಲಿ.

ಉಪವಾಸ ಇಳಿಸಿದ್ದಕ್ಕೆ ಕಾರಣ ಕರುಣೆಯೇ. ಸಂಜೆಯ ಪೂಜೆಗೆ ಅವಕಾಶವಾಯಿತು, ರಾತ್ರಿ ಪಾಳಿಯ ಕಾರ್ಮಿಕರು ಮತ್ತು ಬಸುರಿಯರು ಪರಮಪ್ರಸಾದದಿಂದ ದೂರ ಉಳಿಯುವುದು ತಪ್ಪಿತು. ಆದರೆ ಒಂದು ಗಂಟೆ ಎಂದರೆ, ಅದೂ ಪರಮಪ್ರಸಾದದ ಹೊತ್ತಿಗೆ ಹಿಂದಿನ ಒಂದು ಗಂಟೆ ಎಂದರೆ, ಮನೆಯಲ್ಲಿ ದೋಸೆ ತಿಂದು ಕೈ ತೊಳೆದು ಬೈಕು ಹತ್ತಿದರೂ ನಿಯಮ ಪಾಲಿಸಿದಂತಾಗುತ್ತದೆ. ಇದರ ಜೊತೆಜೊತೆಗೇ ಶನಿವಾರ ಸಂಜೆಯ ಪಾಪನಿವೇದನೆಯ ಸಾಲು ಕರಗಿತು, ಪರಮಪ್ರಸಾದದ ಸಾಲು ಮಾತ್ರ ಉದ್ದವಾಯಿತು. ನನ್ನ ಮಟ್ಟಿಗೆ ಪೂಜೆ ತೆಳುವಾದದ್ದು ಪೂಜೆಯ ಒಳಗಲ್ಲ, ಅದಕ್ಕೆ ಮುಂಚಿನ ಸಿದ್ಧತೆಯಲ್ಲಿ. ಸಿದ್ಧತೆಯಿಲ್ಲದೆ ಬಂದವನಿಗೆ ಪೂಜೆ ಯಾವ ಭಾಷೆಯಲ್ಲಿ ನಡೆದರೂ ಅಷ್ಟೇ.

ಎರಡನೆಯ ತಪ್ಪು ಕಲಿಸದೆ ಬದಲಿಸಿದ್ದು. ಗುರುಗಳು ಜನರಿಗೆ ಶ್ರದ್ಧೆಯಿಂದ, ತಾಳ್ಮೆಯಿಂದ ಪೂಜಾವಿಧಿಯ ತಿಳಿವಳಿಕೆ ಕೊಡಬೇಕೆಂದು ಮಹಾಸಭೆಯೇ ಹೇಳಿತ್ತು. ನಮ್ಮ ದೇವಾಲಯದಲ್ಲಿ ಆದದ್ದು ಇಷ್ಟು: ಒಂದು ಭಾನುವಾರ ಹೋದಾಗ ಹಳೆಯ ಪೀಠದ ಮುಂದೆ ಮರದ ಮೇಜೊಂದನ್ನು ಇರಿಸಲಾಗಿತ್ತು, ಗುರುಗಳು ಅದರ ಹಿಂದೆ ನಮ್ಮ ಕಡೆ ಮುಖ ಮಾಡಿ ನಿಂತಿದ್ದರು. ಏಕೆಂದು ಯಾರೂ ಹೇಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅಜ್ಜಿ ಕೇಳಿದ್ದು, ‘ಅವರು ದೇವರಿಗೆ ಬೆನ್ನು ಹಾಕಿ ನಿಂತದ್ದೇಕೆ?’ ಎಂದು. ಕ್ರಿಸ್ತರು ಕಡೆಯ ಭೋಜನದ ಮೇಜಿನ ಸುತ್ತ ಶಿಷ್ಯರನ್ನು ಸೇರಿಸಿಕೊಂಡ ಹಾಗೆ ಎಂದು ಒಬ್ಬರು ವಿವರಿಸಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ಅದೇ ರೀತಿ, ಹಿಂದೆ ಗುರುಗಳು ಜನರಿಗೆ ಬೆನ್ನು ಹಾಕಿರಲಿಲ್ಲ, ಉದಯಿಸುವ ಸೂರ್ಯನ ದಿಕ್ಕಿನಲ್ಲಿ ಕ್ರಿಸ್ತರ ಪುನರಾಗಮನವನ್ನು ನಿರೀಕ್ಷಿಸುತ್ತ ಜನರ ಮುಂದಾಳಾಗಿ ನಿಂತಿದ್ದರು ಎಂದು ಇಂದಿನ ಮಕ್ಕಳಿಗೆ ಹೇಳಿದರೆ ಅವರೂ ಹಳೆಯದನ್ನು ಗೌರವಿಸಿಯಾರು.

ಪೂಜೆಗೂ ವಿಶ್ವಾಸಕ್ಕೂ ನಂಟಿಲ್ಲವೆಂದು ನಾನು ಹೇಳುತ್ತಿಲ್ಲ. ಪ್ರಾರ್ಥನೆಯ ನಿಯಮವೇ ವಿಶ್ವಾಸದ ನಿಯಮವನ್ನು ಸ್ಥಾಪಿಸುತ್ತದೆ ಎಂಬ ಐದನೆಯ ಶತಮಾನದ ಅಕ್ವಿಟೇನಿನ ಪ್ರೋಸ್ಪರರ ಮಾತು ಇಂದಿಗೂ ನಿಜ. ಅಮೆರಿಕದಲ್ಲಿ 2019ರಲ್ಲಿ ಪ್ಯೂ ಸಂಶೋಧನಾ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ, ರೊಟ್ಟಿ ಮತ್ತು ದ್ರಾಕ್ಷಾರಸ ನಿಜವಾಗಿ ಕ್ರಿಸ್ತರ ಶರೀರ ಮತ್ತು ರಕ್ತ ಆಗುತ್ತವೆಂದು ನಂಬಿದ ಕಥೋಲಿಕರು ಶೇಕಡ 31 ಮಾತ್ರ; ಉಳಿದವರಲ್ಲಿ ಹೆಚ್ಚಿನವರು ಅದು ಸಂಕೇತವಷ್ಟೇ ಎಂದರು. ಹಾಗೆಂದು ಹೊಸ ಪೂಜಾಗ್ರಂಥವೊಂದೇ ಕಾರಣವಾಗಿದ್ದರೆ, ಅದೇ ಗ್ರಂಥದಿಂದ ಪೂಜೆ ನಡೆಸುವ ಆಫ್ರಿಕಾದಲ್ಲಿ ಧರ್ಮಸಭೆ ಹೀಗೆ ಬೆಳೆಯಬಾರದಿತ್ತು. ಆ ಪೂಜಾಗ್ರಂಥವನ್ನೇ ಬಳಸದ ಎಷ್ಟೋ ಪ್ರೊಟೆಸ್ಟೆಂಟ್ ಸಭೆಗಳು ಯೂರೋಪಿನಲ್ಲಿ ಬರಿದಾಗಬಾರದಿತ್ತು. ನಿಮ್ಮ ಮೊಮ್ಮಕ್ಕಳು ಬಾರದಿರುವುದಕ್ಕೆ ಭಾನುವಾರದ ಟ್ಯೂಷನ್, ಬೆಂಗಳೂರಿನ ಹಾಸ್ಟೆಲು, ಮನೆಯಲ್ಲಿ ನಿಂತುಹೋದ ಸಂಜೆಯ ಜಪಸರ ಇವೂ ಕಾರಣಗಳಲ್ಲವೇ, ಯೋಚಿಸಿ ನೋಡಿ. ಮುಂದಿನ ಹಬ್ಬಕ್ಕೆ ಅವರು ಬಂದಾಗ ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ, ನೀವು ಚಿಕ್ಕವರಿದ್ದಾಗ ನಡುರಾತ್ರಿಯಿಂದ ನೀರನ್ನೂ ಮುಟ್ಟದೆ ಪೂಜೆಗೆ ಹೋಗುತ್ತಿದ್ದ ಕಥೆಯನ್ನು ಹೇಳಿ. ಆಕ್ಷೇಪದ ಧ್ವನಿಯಲ್ಲಿ ಬೇಡ, ಕಥೆಯಾಗಿಯೇ ಹೇಳಿ. ಶಿಕ್ಷಕರಾದ ನಿಮಗೆ ಅದರ ಬಗೆ ಗೊತ್ತು.

ಪ್ರಶ್ನೆ: ನಾನು ಭದ್ರಾವತಿಯ ಎಂಜಿನಿಯರಿಂಗ್ ವಿದ್ಯಾರ್ಥಿ. ಮೊಬೈಲಿನಲ್ಲಿ ಹಳೆಯ ಲ್ಯಾಟಿನ್ ಪೂಜೆಯ ವಿಡಿಯೊಗಳನ್ನು ನೋಡಿ ಮನಸ್ಸು ಸೋತಿದೆ. ಅದೇ ನಿಜವಾದ ಪೂಜೆ, ಈಗಿನದು ಮನುಷ್ಯರು ಮಾಡಿಕೊಂಡದ್ದು ಎಂದು ಅವುಗಳಲ್ಲಿ ಹೇಳುತ್ತಾರೆ. ಅದನ್ನು ನಿಷೇಧಿಸಿರುವುದು ಏಕೆ?

ಉತ್ತರ: ಆ ಪೂಜೆಯ ಗಾಂಭೀರ್ಯಕ್ಕೆ ಮನಸೋತದ್ದರಲ್ಲಿ ತಪ್ಪಿಲ್ಲ, ಅದಕ್ಕಾಗಿ ಯಾರೂ ನಿಮ್ಮನ್ನು ಹಳಿಯಬಾರದು. ಆದರೆ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಲ್ಯಾಟಿನ್ ಭಾಷೆ ಬೇರೆ, ಹಳೆಯ ಪೂಜಾಗ್ರಂಥ ಬೇರೆ. ಇಂದಿನ ಪೂಜಾಗ್ರಂಥದ ಮೂಲ ಪಾಠವೇ ಲ್ಯಾಟಿನ್; ನಮ್ಮ ಕನ್ನಡ ಗ್ರಂಥ ಅದರ ಅನುವಾದ. ಆ ಲ್ಯಾಟಿನ್ ಪಾಠದಿಂದ ಪೂಜೆ ಅರ್ಪಿಸುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ನೀವು ವಿಡಿಯೊದಲ್ಲಿ ನೋಡಿದ್ದು 1962ರ ಗ್ರಂಥದ ಪೂಜೆ. ಅದನ್ನು ಬಳಸಲು ಪೋಪ್ ಹದಿನಾರನೆಯ ಬೆನೆಡಿಕ್ಟ್ 2007ರ ಜುಲೈ 7ರಂದು ಗುರುಗಳಿಗೆ ವಿಶಾಲವಾದ ಅನುಮತಿ ಕೊಟ್ಟರು. ಅದು ಧರ್ಮಸಭೆಯಲ್ಲಿ ಒಡಕಿಗೆ ಕಾರಣವಾಗುತ್ತಿದೆ ಎಂದು ಪೋಪ್ ಫ್ರಾನ್ಸಿಸ್ 2021ರ ಜುಲೈ 16ರಂದು ಬಿಗಿ ಮಾಡಿ, ಅನುಮತಿಯ ಅಧಿಕಾರವನ್ನು ಧರ್ಮಾಧ್ಯಕ್ಷರಿಗೆ ಒಪ್ಪಿಸಿದರು. ಅಂದರೆ ಅದು ನಿರ್ಬಂಧಕ್ಕೊಳಪಟ್ಟಿದೆ, ಪೂರ್ಣ ನಿಷೇಧವಾಗಿಲ್ಲ. ಆ ಬಿಗಿತನದಿಂದ ಪ್ರಾಮಾಣಿಕ ಭಕ್ತರೂ ನೊಂದರೆಂಬುದು ನನ್ನ ಅನಿಸಿಕೆ. ಅದೇ ಹೊತ್ತಿಗೆ, ಇಂದಿನ ಪೂಜೆ ಅಮಾನ್ಯವೆಂದು ಹೇಳುವವರು ಹಳೆಯ ಪೂಜೆಗೇ ಅಪಚಾರ ಮಾಡುತ್ತಿದ್ದಾರೆ, ಏಕೆಂದರೆ ಅದನ್ನು ಕೊಟ್ಟ ಅಧಿಕಾರವೇ ಇದನ್ನೂ ಕೊಟ್ಟಿದೆ. ಹಳೆಯ ಪೂಜೆಯಲ್ಲಿ ಒಂದಕ್ಷರವೂ ಎಂದೂ ಕದಲಲಿಲ್ಲವೆಂದು ಕೆಲವರು ಹೇಳುವ ಮಾತೂ ಸರಿಯಲ್ಲ. 1962ರಲ್ಲೇ ಪೋಪ್ ಇಪ್ಪತ್ತಮೂರನೆಯ ಯೊವಾನ್ನರು ಪೂಜೆಯ ಮುಖ್ಯ ಪ್ರಾರ್ಥನೆಯಲ್ಲಿ ಸಂತ ಜೋಸೆಫರ ಹೆಸರನ್ನು ಸೇರಿಸಿದರು.

ನಿಮ್ಮ ಭದ್ರಾವತಿಯಲ್ಲೇ ಇನ್ನೊಂದು ಪಾಠವಿದೆ. ಕೇರಳ ಮೂಲದ ಸಿರೋ ಮಲಬಾರ್ ಕಥೋಲಿಕರಿಗಾಗಿ 2007ರಲ್ಲಿ ಸ್ಥಾಪನೆಯಾದ ಧರ್ಮಕ್ಷೇತ್ರದ ಕೇಂದ್ರ ಅದು. ಅವರ ಕುರ್ಬಾನ, ಎಂದರೆ ಪೂಜೆ, ರೋಮಿನಿಂದ ಬಂದದ್ದಲ್ಲ, ಪೂರ್ವ ಸಿರಿಯಾಕ್ ಪರಂಪರೆಯದು. ನಾವು ಲ್ಯಾಟಿನ್ ಕೇಳುತ್ತಿದ್ದ ಹಾಗೆ ಅವರು ಸಿರಿಯಾಕ್ ಕೇಳುತ್ತಿದ್ದರು. 1962ರಿಂದ ಮಲಯಾಳಂ ಬಂತು. ಎರಡೂ ಪೂರ್ಣವಾಗಿ ಕಥೋಲಿಕ ಪೂಜೆಗಳೇ, ಅಲ್ಲಿ ಹೋದರೂ ನಿಮ್ಮ ಭಾನುವಾರದ ಕರ್ತವ್ಯ ಸಲ್ಲುತ್ತದೆ. ಒಂದು ಭಾನುವಾರ ಹೋಗಿ ನೋಡಿ. ಒಂದೇ ವಿಶ್ವಾಸ ಎರಡು ರೂಪಗಳಲ್ಲಿ ಇರಬಲ್ಲದೆಂಬುದು ವಿಡಿಯೊಗಳಿಗಿಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ವಿಡಿಯೊದಲ್ಲಿ ನಿಮಗೆ ಹಿಡಿಸಿದ್ದು ಮೌನವಾಗಿದ್ದರೆ, ಆ ಮೌನಕ್ಕೆ ಇಂದಿನ ಪೂಜೆಯಲ್ಲಿಯೂ ಜಾಗವಿದೆ. ಪರಮಪ್ರಸಾದದ ನಂತರ ಹಾಡಿನ ಮೇಲೆ ಹಾಡು ಹಾಡದೆ ಕೆಲವು ನಿಮಿಷ ಸುಮ್ಮನಿರೋಣವೆಂದು ನಿಮ್ಮ ಗಾಯನವೃಂದದವರನ್ನೂ ಗುರುಗಳನ್ನೂ ವಿನಯದಿಂದ ಕೇಳಿಕೊಳ್ಳಿ.

ಪ್ರಶ್ನೆ: ಹೊಸನಗರದ ಕಡೆಯ ನಮ್ಮ ಧರ್ಮಕೇಂದ್ರದಲ್ಲಿ ಹಬ್ಬದ ದಿನ ದೀಪ ಬೆಳಗಿ ಆರತಿ ಎತ್ತುತ್ತಾರೆ. ಇದು ಹಿಂದೂ ಪೂಜೆಯ ಅನುಕರಣೆ, ಇದರಿಂದ ವಿಶ್ವಾಸ ಕಲಬೆರಕೆಯಾಗುತ್ತದೆ ಎಂದು ನಮ್ಮ ಯಜಮಾನರು ಕೋಪಿಸಿಕೊಳ್ಳುತ್ತಾರೆ. ಇದಕ್ಕೆ ಅನುಮತಿ ಇದೆಯೇ?

ಉತ್ತರ: ಇದೆ. ಭಾರತದ ಧರ್ಮಾಧ್ಯಕ್ಷರ ಕೋರಿಕೆಯ ಮೇರೆಗೆ 1969ರ ಏಪ್ರಿಲ್ 25ರಂದು ರೋಮಿನಿಂದ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಸಿಕ್ಕಿತು. ನೆಲದ ಮೇಲೆ ಕುಳಿತು ಪೂಜೆಯಲ್ಲಿ ಭಾಗವಹಿಸುವುದು, ಪಾದರಕ್ಷೆ ಕಳಚುವುದು, ಮಂಡಿಯೂರುವ ಬದಲು ಕೈಮುಗಿದು ತಲೆಬಾಗುವುದು, ಪಂಚಾಂಗ ಪ್ರಣಾಮ, ಮೇಣದಬತ್ತಿಯ ಬದಲು ಎಣ್ಣೆಯ ದೀಪ, ಆರತಿ ಇವೆಲ್ಲ ಅದರಲ್ಲಿವೆ. ಇವುಗಳನ್ನು ದೇಶಕ್ಕೆಲ್ಲ ಕಲಿಸಿದ ರಾಷ್ಟ್ರೀಯ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ಅದನ್ನು 1967ರಲ್ಲಿ ಆರಂಭಿಸಿದ ಗುರು ಡಿ. ಎಸ್. ಅಮಲೋರ್ಪವದಾಸ್ ಅವರು ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಕಟ್ಟಿದರು.

ಯಜಮಾನರ ಕೋಪದ ಹಿಂದೆ ಒಂದು ಹಳೆಯ ಭಯವಿದೆ, ಅದನ್ನು ತಳ್ಳಿಹಾಕಬೇಡಿ. ಇಗರ್ಜಿಯ ರೀತಿ ಬೇರೆಯಾಗಿತ್ತೆಂಬುದೇ ನಮ್ಮ ಹಿರಿಯರಿಗೆ ಎಷ್ಟೋ ಕಷ್ಟಗಳ ನಡುವೆ ತಮ್ಮ ಗುರುತಾಗಿತ್ತು. ಆದರೆ ದೀಪ ಯಾವುದೋ ಒಂದು ಮತದ ಸೊತ್ತಲ್ಲ. ಮುಸ್ಸಂಜೆಗೆ ದೀಪ ಹಚ್ಚಿ, ಅದರ ಮುಂದೆ ಕುಳಿತು ಜಪಸರ ಹೇಳುವುದು ನಮ್ಮ ಮಲೆನಾಡಿನ ಕ್ರೈಸ್ತ ಮನೆಗಳಲ್ಲಿ ರೋಮಿನ ಅನುಮತಿಗೆ ಬಹಳ ಮೊದಲೇ ಇತ್ತು. ಧೂಪವನ್ನೂ ಗುರುಗಳ ಉಡುಪನ್ನೂ ಧರ್ಮಸಭೆ ತನ್ನ ಕಾಲದ ರೋಮ್ ಸಾಮ್ರಾಜ್ಯದ ಬಳಕೆಯಿಂದಲೇ ಪಡೆದುಕೊಂಡಿತು. ನನ್ನ ಆಕ್ಷೇಪ ಇರುವುದು ಬೇರೆ ಕಡೆ: ಆರತಿಯ ಹೊತ್ತಿಗೆ ಹುಡುಗಿಯರ ನೃತ್ಯವನ್ನು ಹತ್ತು ಮಂದಿ ಮೊಬೈಲಿನಲ್ಲಿ ಚಿತ್ರೀಕರಿಸುತ್ತ ಪೀಠಕ್ಕೆ ಅಡ್ಡ ನಿಲ್ಲುತ್ತಾರೆ. ಆರತಿ ಯಾರಿಗೆ ಎಂಬುದು ಆಗ ಮರೆತುಹೋಗುತ್ತದೆ. ಅದನ್ನು ತಡೆದರೆ ಯಜಮಾನರ ಅರ್ಧ ಕೋಪ ಇಳಿಯುತ್ತದೆ ಎಂದು ನನಗನ್ನಿಸುತ್ತದೆ.

ಪ್ರಶ್ನೆ: ಶಿವಮೊಗ್ಗ ನಗರದ ನಮ್ಮ ಧರ್ಮಕೇಂದ್ರದಲ್ಲಿ ಕೊಂಕಣಿ, ಕನ್ನಡ, ತಮಿಳು ಮೂರೂ ಮನೆಮಾತಿನವರಿದ್ದೇವೆ. ಪೂಜೆ ಯಾವ ಭಾಷೆಯಲ್ಲಿ, ಎಷ್ಟು ಗಂಟೆಗೆ ಎಂಬ ವಿಷಯದಲ್ಲಿ ಮನಸ್ತಾಪ ಬಂದು ಕೆಲವರು ಬರುವುದನ್ನೇ ಬಿಟ್ಟಿದ್ದಾರೆ. ಲ್ಯಾಟಿನ್ ಇದ್ದಾಗ ಈ ಜಗಳವಿರಲಿಲ್ಲವಲ್ಲ?

ಉತ್ತರ: ಇರಲಿಲ್ಲ, ಏಕೆಂದರೆ ಅದು ಯಾರ ಭಾಷೆಯೂ ಆಗಿರಲಿಲ್ಲ. ಜನಭಾಷೆಯ ಪೂಜೆಯಿಂದ ನಮಗೆ ಬಂದ ಲಾಭ ದೊಡ್ಡದು, ಅದರ ಬೆಲೆಯೂ ಸಣ್ಣದಲ್ಲ. ನನ್ನ ಮನೆಮಾತು ಕೊಂಕಣಿ, ಓದಿದ್ದು ಬರೆದದ್ದು ಕನ್ನಡ. ಅಜ್ಜಿಗೆ ಕೊನೆಯ ಅಭ್ಯಂಗ, ಎಂದರೆ ರೋಗಿಗೆ ಪವಿತ್ರ ಎಣ್ಣೆ ಹಚ್ಚುವ ಸಂಸ್ಕಾರ, ಕೊಡುವಾಗ ಗುರುಗಳು ಕೊಂಕಣಿಯಲ್ಲಿ ಪ್ರಾರ್ಥಿಸಿದ್ದರಿಂದ ಅವರ ಮುಖದಲ್ಲಿ ಮೂಡಿದ ಬೆಳಕನ್ನು ನಾನು ಕಂಡಿದ್ದೇನೆ. ಆದ್ದರಿಂದ ಮನೆಮಾತಿನಲ್ಲಿ ಪ್ರಾರ್ಥಿಸಬೇಕೆಂಬ ಹಂಬಲವನ್ನು ಹಟವೆಂದು ಕರೆಯಲಾರೆ. ಅದೇ ಹೊತ್ತಿಗೆ, ಈ ನಾಡಿನ ಭಾಷೆಯನ್ನು ಪೀಠದ ಬಳಿಗೆ ತರಲು 17ನೇ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದು ಕನ್ನಡ ಕಲಿತ ಜೆಸ್ವಿಟ್ ಗುರು ಲಿಯೊನಾರ್ಡೊ ಚಿನ್ನಾಮಿಯಂಥವರು ಪಟ್ಟ ಪಾಡನ್ನೂ ಮರೆಯಲಾರೆ. ಇಲ್ಲಿಯ ಕನ್ನಡದ ಮನೆಗಳಿಗೆ ಕನ್ನಡದಲ್ಲಿ ಪೂಜೆ ಸಿಗದಿದ್ದರೆ ಅದು ಅನ್ಯಾಯ.

ನೀವೇ ಕೂತು ತೀರ್ಮಾನಿಸಬೇಕಾದ ವಿಷಯವಿದು, ಆದರೂ ಒಂದು ಸಲಹೆ. ವಾರದ ಪೂಜೆಗಳನ್ನು ಭಾಷೆಗೊಂದರಂತೆ ಹಂಚಿಕೊಂಡರೂ ಪವಿತ್ರ ಗುರುವಾರದಿಂದ ಪಾಸ್ಖ ರಾತ್ರಿಯವರೆಗಿನ ವಿಧಿಗಳನ್ನು ಎಂದೂ ಹಂಚಿಕೊಳ್ಳಬೇಡಿ. ಆ ಮೂರು ದಿನ ಎಲ್ಲರೂ ಒಂದೇ ಪೂಜೆಗೆ ಸೇರಿ, ವಾಚನಗಳನ್ನು ಮೂರು ಭಾಷೆಗಳಲ್ಲಿ ಓದಿಸಿ. ಗುರುವಾರ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ಮೂರೂ ಮನೆಮಾತಿನವರು ಇರಲಿ. ‘ತಾಂತುಮ್ ಎರ್ಗೊ’ದಂಥ ಲ್ಯಾಟಿನ್ ಹಾಡೊಂದನ್ನು ಎಲ್ಲರೂ ಒಟ್ಟಿಗೆ ಹಾಡುವುದಕ್ಕೂ ಇದು ತಕ್ಕ ಸಂದರ್ಭ, ಯಾರದೂ ಅಲ್ಲದ ಭಾಷೆ ಅಂದು ಎಲ್ಲರದೂ ಆಗುತ್ತದೆ. ಬರುವುದನ್ನು ಬಿಟ್ಟವರ ಮನೆಗೆ, ಬೇರೆ ಭಾಷೆಯ ಮನೆಯವರೇ ಹೋಗಿ ಕರೆಯಲಿ.

ಪ್ರಶ್ನೆ: ಪರಮಪ್ರಸಾದವನ್ನು ಕೈಯಲ್ಲಿ ಸ್ವೀಕರಿಸುವುದು ಪಾಪವೇ?

ಉತ್ತರ: ಅಲ್ಲ. ಎಡಗೈಯನ್ನು ಬಲಗೈಗೆ ಸಿಂಹಾಸನವಾಗಿಸಿ, ಅಂಗೈಯಲ್ಲಿ ಅರಸನನ್ನು ಬರಮಾಡಿಕೊಳ್ಳುವಂತೆ ಸ್ವೀಕರಿಸಿ, ಒಂದು ಕಣವೂ ಬೀಳದಂತೆ ಎಚ್ಚರವಿರಲಿ ಎಂಬ ಬೋಧನೆ ನಾಲ್ಕನೆಯ ಶತಮಾನದ ಜೆರುಸಲೇಮಿನ ಸಂತ ಸಿರಿಲರ ಹೆಸರಿನಲ್ಲಿ ನಮಗೆ ಬಂದಿದೆ. ಧರ್ಮಾಧ್ಯಕ್ಷರು ಅನುಮತಿಸಿದ ಕಡೆ ಹಾಗೆ ಮಾಡಬಹುದು; ನಾಲಿಗೆಯ ಮೇಲೆ ಸ್ವೀಕರಿಸುವ ಹಕ್ಕು ಮಾತ್ರ ಎಲ್ಲರಿಗೂ ಎಲ್ಲೆಡೆ ಇದೆ, ಅದನ್ನು ಯಾರೂ ನಿರಾಕರಿಸುವಂತಿಲ್ಲ. ಕೈಯಲ್ಲಿ ಸ್ವೀಕರಿಸುವವರು ಅಲ್ಲಿಯೇ ನಿಂತು ಸೇವಿಸಬೇಕು, ನಡೆಯುತ್ತ ಹೋಗಬಾರದು.

ಪ್ರಶ್ನೆ: ನನ್ನ ತಾಯಿಗೆ ಎಂಬತ್ತೇಳು ವರ್ಷ. ಮನೆ ಊರಿನಿಂದ ದೂರ, ತೋಟದ ನಡುವೆ. ಕೊರೊನಾ ಕಾಲದಿಂದ ಟಿ.ವಿ.ಯಲ್ಲೇ ಭಾನುವಾರದ ಪೂಜೆ ನೋಡುತ್ತಾರೆ. ‘ನನ್ನ ಪೂಜೆ ಸಲ್ಲುತ್ತದೆಯೇ?’ ಎಂದು ಕೇಳಿ ಅಳುತ್ತಾರೆ. ಏನು ಹೇಳಲಿ?

ಉತ್ತರ: ಮೊದಲು ಇದನ್ನು ಹೇಳಿ: ಕಾಯಿಲೆಯವರಿಗೆ, ನಡೆಯಲಾರದ ವೃದ್ಧರಿಗೆ ಭಾನುವಾರದ ಪೂಜೆಯ ಕಟ್ಟಳೆಯೇ ಇಲ್ಲ. ಅವರು ಯಾವ ತಪ್ಪನ್ನೂ ಮಾಡಿಲ್ಲ. ಟಿ.ವಿ.ಯ ಪೂಜೆ ಪ್ರಾರ್ಥನೆಗೆ ನೆರವು. ಆದರೆ ಅದರಿಂದ ಪರಮಪ್ರಸಾದ ಸಿಗುವುದಿಲ್ಲವೆಂಬುದು ಅವರ ಅಳುವಿನ ನಿಜವಾದ ಕಾರಣವಿರಬಹುದು. ಆರೋಗ್ಯವಾಗಿರುವ ಮನೆಯವರು ಅದನ್ನೇ ನೆಪ ಮಾಡಿಕೊಂಡು ಅವರ ಪಕ್ಕದಲ್ಲಿ ಕುಳಿತುಬಿಡುವುದು ಮಾತ್ರ ಸರಿಯಲ್ಲ.

ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿ, ಪರಮಪ್ರಸಾದವನ್ನು ಮನೆಗೆ ತರಿಸಿಕೊಳ್ಳಿ. ಇದು ಇಂದಿನ ಏರ್ಪಾಡಲ್ಲ. ಸುಮಾರು 155ರಲ್ಲಿ ರೋಮಿನಲ್ಲಿ ಪೂಜೆ ನಡೆಯುತ್ತಿದ್ದ ಬಗೆಯನ್ನು ಬರೆದ ಹುತಾತ್ಮ ಸಂತ ಜಸ್ಟಿನರು, ಬಾರದವರಿಗೆ ಸೇವಕರು ಪ್ರಸಾದವನ್ನು ಕೊಂಡೊಯ್ಯುತ್ತಿದ್ದರೆಂದು ಹೇಳಿದ್ದಾರೆ. ಗುರುಗಳು ಬರುವ ದಿನ ಸಣ್ಣ ಮೇಜಿನ ಮೇಲೆ ಒಗೆದ ಬಿಳಿಯ ಬಟ್ಟೆ ಹಾಸಿ, ಶಿಲುಬೆಯನ್ನೂ ಹಚ್ಚಿದ ದೀಪವನ್ನೂ ಇಡಿ, ಟಿ.ವಿ. ಆರಿಸಿ, ಒಂದು ಲೋಟ ನೀರು ಹತ್ತಿರವಿರಲಿ. ವೃದ್ಧರಿಗೂ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಒಂದು ಗಂಟೆಯ ಉಪವಾಸದ ನಿಯಮವೂ ಇಲ್ಲ, ಆದ್ದರಿಂದ ಮಾತ್ರೆಯನ್ನೂ ಬೆಳಗಿನ ಕಾಫಿಯನ್ನೂ ತಪ್ಪಿಸುವ ಅಗತ್ಯವಿಲ್ಲವೆಂದು ತಾಯಿಗೆ ತಿಳಿಸಿ. ಅಷ್ಟು ಹೇಳಿದ ಮೇಲೂ ಅವರು ಮಾತ್ರೆ ನುಂಗಿ, ಕಾಫಿಯ ಲೋಟವನ್ನು ಮಾತ್ರ ಪಕ್ಕಕ್ಕೆ ಸರಿಸಿ ಕಾಯುತ್ತ ಕುಳಿತರೆ, ಬಲವಂತ ಮಾಡಬೇಡಿ.